ತೋಳದ ಪಾಲು ಮತ್ತು ನಿಮ್ಮ ಪಂಚನಾಮೆ

ಮಾನ್ಯ ಅರಣ್ಯಾಧಿಕಾರಿಗಳೇ,

ನಮ್ಮ ಗುಡ್ಡದಲ್ಲಿ ತೋಳವಿಲ್ಲ ಎಂದು ತಮ್ಮ ಕಚೇರಿಯಿಂದ ಬಂದ ಕಾಗದ ತಲುಪಿತು. ನಾನು ಓದಿದೆ, ನನ್ನ ಹೆಂಡತಿಯ ತಮ್ಮ ಬೀರಲಿಂಗಪ್ಪನಿಗೂ ಓದಿ ಹೇಳಿದೆ. ಗುಡ್ಡದಲ್ಲಿರುವ ತೋಳಕ್ಕೆ ಮಾತ್ರ ಯಾರೂ ಇನ್ನೂ ಓದಿ ಹೇಳಿಲ್ಲ. ಆದ್ದರಿಂದ ಅದು ಅಲ್ಲೇ ಇದೆ, ಮರಿ ಹಾಕಿದೆ, ಮರಿಗಳಿಗೆ ಹಾಲು ಕುಡಿಸುತ್ತಿದೆ.

ನನ್ನ ದೂರು ಉದ್ದದ್ದಲ್ಲ, ಪತ್ರ ಉದ್ದವಾದೀತು. ಶಿವರಾತ್ರಿ ಕಳೆದ ಮೇಲೆ ಆ ಗುಡ್ಡದ ಇಳಿಜಾರಿನಲ್ಲಿ ಸಾಲುಸಾಲಾಗಿ ಕಂದಕ ತೋಡಿಸಿ ಗಿಡ ನೆಡಿಸುತ್ತೀರಂತೆ. ಜೆಸಿಬಿ ಬರುತ್ತದಂತೆ. ಸುಣ್ಣದ ಗೆರೆ ಎಳೆದು ಹೋಗಿಯೂ ಆಯಿತು. ಆ ಗೆರೆಗಳಲ್ಲಿ ಒಂದು ತೋಳದ ಗವಿಯ ಬಾಯಿಯ ಮೇಲೆಯೇ ಹಾದುಹೋಗಿದೆ. ಉಳಿದ ಗೆರೆಗಳ ನಡುವೆ ಇರುವುದು ನಮ್ಮ ಕುರಿಗಳು ಮೇಯುವ ಹುಲ್ಲು. ತಮ್ಮ ದಾಖಲೆಯ ಪ್ರಕಾರ ಅಲ್ಲಿ ತೋಳವೂ ಇಲ್ಲ, ಕುರಿಯೂ ಇಲ್ಲ, ಹುಲ್ಲೂ ಇಲ್ಲ. ಇರುವುದು 'ಬಂಜರು' ಎಂಬ ಒಂದು ಶಬ್ದ. ಇಲ್ಲದ ತೋಳವನ್ನು ಹೂಳುವುದಕ್ಕೆ ಯಾರ ಪರವಾನಗಿ ಬೇಕು ಹೇಳಿ?

ಗುಡ್ಡದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮಗೆ ಅದು ಗೊತ್ತು, ಕಾಗದ ತಾವೇ ಕಳಿಸಿದ್ದೀರಿ. ಪತ್ರಿಕೆ ಓದುವ ಎಲ್ಲರಿಗೂ ಗೊತ್ತಾಗಬೇಕಾಗಿಲ್ಲ. ಮರಿ ಹಾಕಿದ ತೋಳದ ವಿಳಾಸ ಕೇಳುವವರಲ್ಲಿ ಎಲ್ಲರೂ ಒಳ್ಳೆಯವರಲ್ಲ. ಕರ್ನಾಟಕದ ಗಡಿಗೆ ಹತ್ತಿದ ದಾಮರಗಿದ್ದ ಮಂಡಲ ಎಂದರೆ ಸಾಕು.

ನಾನು ಅನುಮಾನದ ಮನುಷ್ಯ ಎಂದು ಊರಲ್ಲಿ ಹೆಸರಿದೆ. ಸುಳ್ಳಲ್ಲ. ನಾನು ಬಸ್ಸಿನ ಕಂಡಕ್ಟರನಾಗಿದ್ದವನು. ನಾರಾಯಣಪೇಟೆಯಿಂದ ಮಕ್ತಲ್, ಮಕ್ತಲಿನಿಂದ ಗದ್ವಾಲ, ಅದೇ ದಾರಿಯಲ್ಲಿ ನನ್ನ ಕೂದಲು ಬೆಳ್ಳಗಾಯಿತು. ಯಾರು ಟಿಕೆಟ್ ತೆಗೆದಿಲ್ಲ ಎಂಬುದು ಅವರ ಮುಖದಲ್ಲಿ ಕಾಣುತ್ತದೆ. ಟಿಕೆಟ್ ತೆಗೆಯದವನು ಕಿಟಕಿಯ ಹೊರಗೆ ತುಂಬಾ ಆಸಕ್ತಿಯಿಂದ ನೋಡುತ್ತಾನೆ. ಗುಡ್ಡಕ್ಕೆ ಗೆರೆ ಎಳೆಯಲು ಬಂದವರು, ಯಾತಕ್ಕೆ ಈ ಗೆರೆ ಎಂದು ಕೇಳಿದಾಗ, ನಮ್ಮ ಮುಖ ಬಿಟ್ಟು ಗುಡ್ಡದ ತುದಿಯನ್ನೇ ನೋಡುತ್ತಿದ್ದರು. ಅದೇ ಆಸಕ್ತಿ. ನಾನು ಆರೋಪ ಮಾಡುತ್ತಿಲ್ಲ ಮಾನ್ಯರೇ, ಅನುಮಾನಿಸುತ್ತಿದ್ದೇನೆ. ಆರೋಪಕ್ಕೆ ಸಾಕ್ಷಿ ಬೇಕು. ಅನುಮಾನಕ್ಕೆ ಅನುಭವ ಸಾಕು.

ತಮ್ಮ ಕಾಗದ ತೆಲುಗಿನಲ್ಲಿತ್ತು. ನಡುವೆ ಒಂದು ಇಂಗ್ಲಿಷ್ ವಾಕ್ಯ, ಅದಕ್ಕೆ ಅಡಿಗೆರೆ ಬೇರೆ: 'ಆಸ್ ಪರ್ ಅವೈಲಬಲ್ ರೆಕಾರ್ಡ್ಸ್, ನೋ ಪ್ರೆಸೆನ್ಸ್ ಆಫ್ ವುಲ್ಫ್.' ನಾನು ರಾಯಚೂರಿನಲ್ಲಿ ಬಿ.ಎ. ಎರಡನೆಯ ವರ್ಷದವರೆಗೆ ಓದಿದವನು. ಇಂಗ್ಲಿಷ್ ಅರ್ಧ ಬಂದಿತ್ತು, ಬಂದದ್ದರಲ್ಲಿ ಅರ್ಧ ಹೋಯಿತು. ಆದರೆ ಈ 'ಪ್ರೆಸೆನ್ಸ್' ಎಂಬ ಶಬ್ದ ಸಾಯುವತನಕ ನೆನಪಿರುತ್ತದೆ. ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸದೆ ಮನೆಗೆ ಕಳಿಸಿದರು. ಕೊನೆಯ ಬೆಂಚಿನಲ್ಲಿ ಕೂತು 'ಎಸ್ ಸರ್' ಎಂದರೆ ಆ ಲೆಕ್ಚರರಿಗೆ ಕೇಳಿಸುತ್ತಿರಲಿಲ್ಲ, ಅವರು ತಲೆಯೆತ್ತಿ ನೋಡುತ್ತಲೂ ಇರಲಿಲ್ಲ, ಆಬ್ಸೆಂಟ್ ಎಂದು ಗೀಚಿ ಮುಂದಿನ ನಂಬರಿಗೆ ಹೋಗುತ್ತಿದ್ದರು. ನಾನು ಅಲ್ಲೇ ಇದ್ದೆ. ಆದ್ದರಿಂದ ಇರುವವನನ್ನು ಇಲ್ಲವೆಂದು ಬರೆಯುವುದು ಎಷ್ಟು ಸುಲಭ ಎಂಬುದನ್ನು ತಾವು ನನಗೆ ಹೊಸದಾಗಿ ಕಲಿಸಬೇಕಾಗಿಲ್ಲ. ತಲೆ ಎತ್ತದಿದ್ದರೆ ಆಯಿತು.

ಆ ಕಾಗದ ಬಂದ ಮೇಲೆ ತೆಲುಗಿನಲ್ಲಿ ನಾನು ಕೊಟ್ಟ ಅರ್ಜಿಗೆ ಉತ್ತರವಿಲ್ಲ. ಇದನ್ನು ಕನ್ನಡದಲ್ಲಿ, ಗಡಿಯಾಚೆಯ ಪತ್ರಿಕೆಗೆ ಬರೆಯುತ್ತಿದ್ದೇನೆ. ಮನೆಯ ಮಾತು ಇದೇ, ಸಿಟ್ಟು ಬಂದಾಗ ಬಾಯಿಗೆ ಬರುವುದೂ ಇದೇ. ಮತ್ತೊಂದು ಕಾರಣವಿದೆ. ನಮ್ಮ ಗುಡ್ಡದ ಮೇಲೆ ನಿಂತರೆ ಕರ್ನಾಟಕದ ಹೊಲಗಳು ಕಾಣುತ್ತವೆ. ಆ ಕಡೆಯ ಕುರುಬರೂ ತೋಳವನ್ನು ನೋಡುತ್ತಾರೆ, ಈ ಕಡೆಯ ನಾವೂ ನೋಡುತ್ತೇವೆ. ಬಹುಶಃ ಒಂದೇ ತೋಳ. ತಮ್ಮ ಕಾಗದವನ್ನು ನಂಬುವುದಾದರೆ ಅದು ಗಡಿಯ ಕಲ್ಲಿನ ತನಕ ತೋಳವಾಗಿ ಬಂದು, ಕಲ್ಲು ದಾಟಿದ ಕೂಡಲೇ ಬೀದಿನಾಯಿಯಾಗಿ ಬಿಡುತ್ತದೆ. ಆಧಾರ್ ಕಾರ್ಡು ಆ ಕಡೆಯದಿರಬೇಕು.

ಈಗ ತಾವು ಕೇಳಬಹುದು: ತೋಳ ಇದ್ದದ್ದು ನಿಜವಾದರೆ ಇಷ್ಟು ವರ್ಷ ಒಬ್ಬರೂ ಯಾಕೆ ದೂರು ಕೊಡಲಿಲ್ಲ? ಕುರಿ ಸತ್ತಿದೆ ಎಂದು ಒಂದಾದರೂ ದರ್ಖಾಸ್ತು ಯಾಕೆ ಬರಲಿಲ್ಲ? ತಮ್ಮ ಇಡೀ ವಾದ ನಿಂತಿರುವುದು ಈ ಒಂದು ಕಾಲಿನ ಮೇಲೆ. ಅದಕ್ಕೆ ಉತ್ತರ ಹೇಳಬೇಕೆಂದರೆ ನನ್ನ ಹೆಂಡತಿ ಕಿಷ್ಟಮ್ಮನ ವಿಷಯ ಹೇಳಬೇಕು. ಅವಳು ಈಗಿಲ್ಲ. ಇದ್ದಿದ್ದರೆ ಪತ್ರ ಇಷ್ಟು ಉದ್ದವಾಗಲು ಬಿಡುತ್ತಿರಲಿಲ್ಲ. 'ಸಾಕ ಮಾಡ್ರಿ, ಓದಾವರಿಗೂ ಮನಿ ಮಠ ಇರ್ತಾವ' ಎನ್ನುತ್ತಿದ್ದಳು.

ನಾವು ಕುರುಬರು. ನಮ್ಮ ಮನೆಯಲ್ಲಿ ಕುರಿ ಬಿಟ್ಟು ಒಂದು ತಲೆಮಾರಾಗಿತ್ತು. ಅಪ್ಪ ಅಂಗಡಿ ಇಟ್ಟಿದ್ದ, ನಾನು ಬಸ್ಸು ಹತ್ತಿದೆ. ಕಿಷ್ಟಮ್ಮನ ತವರಿನಲ್ಲಿ ಮಾತ್ರ ಇವತ್ತಿಗೂ ಹಿಂಡು ಇದೆ. ಮದುವೆಯಾದ ಹೊಸದರಲ್ಲಿ ಮಾವನವರ ಮನೆಗೆ ಹೋಗಿದ್ದೆ. ಆ ದಿನ ಸಂಜೆ ಮೇಯಲು ಹೋಗಿದ್ದ ಹಿಂಡಿನಲ್ಲಿ ಒಂದು ಕುರಿಯನ್ನು ತೋಳ ಹಿಡಿಯಿತು. ಕಿಷ್ಟಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕುರಿ ಅದು. ಜನ ಕೂಗಿ, ನಾಯಿ ಬಿಟ್ಟು, ತೋಳವನ್ನು ಅಟ್ಟಿದರು. ಕುರಿ ಸತ್ತಿತ್ತು, ಆದರೆ ಮೈ ಎಲ್ಲಾ ಹಾಗೇ ಇತ್ತು, ಕುತ್ತಿಗೆಯ ಹತ್ತಿರ ಮಾತ್ರ ಗಾಯ. ಎಲ್ಲರೂ ಅದನ್ನು ಅಲ್ಲೇ ಬಿಟ್ಟು ತಿರುಗಿ ಹೊರಟರು. ನಾನು ಪೇಟೆಯ ಅಳಿಯ. ಇಷ್ಟು ಮಾಂಸ ಮಣ್ಣುಪಾಲು ಮಾಡುತ್ತೀರಲ್ಲ ಎಂದೆ.

ಕಿಷ್ಟಮ್ಮ ಅಳುತ್ತಿದ್ದಳು. ಅಳುತ್ತಲೇ ನನ್ನನ್ನು ತಿರುಗಿ ನೋಡಿದಳು.

"ತ್ವಾಳ ಮುಟ್ಟಿದ್ದು ತ್ವಾಳಂದು. ಎತ್ತಿಕೊಂಡ ಬಂದ್ರ ಅದು ನಾಳಿ ಮತ್ತ ಬರ್ತೈತಿ."

"ಅದೇನು ನಿನ್ನ ಕೇಳಿ ಹಿಡೀತೇನು?"

"ಕೇಳಿಲ್ಲ ಖರೆ. ನಾವೂ ಗುಡ್ಡಾನ ಕೇಳಿ ಮೇಯ್ಸಾಕ ಹತ್ತಿಲ್ಲ. ನಡೀರಿ, ಹಿಂದ ನೋಡಬ್ಯಾಡ್ರಿ."

ಇದು ನಮ್ಮಲ್ಲಿಯ ರಿವಾಜು. ಬೀರಪ್ಪ ದೇವರು ಕುರುಬನಿಗೆ ಕುರಿ ಕೊಡುವಾಗಲೇ ತೋಳದ ಪಾಲು ತೆಗೆದಿಟ್ಟ ಎಂದು ಹಿರಿಯರು ಹೇಳುತ್ತಾರೆ. ಇದಕ್ಕೆ ಭಕ್ತಿ ಎನ್ನಿ, ಭಯ ಎನ್ನಿ, ಲೆಕ್ಕಾಚಾರ ಎನ್ನಿ. ಸತ್ತ ಕುರಿಯನ್ನು ತಿಂದು ಹೊಟ್ಟೆ ತುಂಬಿದ ತೋಳ ಕೆಲವು ದಿನ ಹಿಂಡಿನ ಕಡೆ ಬರುವುದಿಲ್ಲ. ಬಾಯಿಂದ ಕಸಿದುಕೊಂಡರೆ ಅದಕ್ಕೆ ಇನ್ನೊಂದು ಬೇಕಾಗುತ್ತದೆ. ನಾವು ತೋಳವನ್ನು ಪ್ರೀತಿಸುತ್ತೇವೆ ಎಂದು ಮಾತ್ರ ಬರೆದುಕೊಳ್ಳಬೇಡಿ. ಬೀರಲಿಂಗಪ್ಪ ತೋಳಕ್ಕೆ ಬೈಯುವ ಬೈಗುಳವನ್ನು ಈ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ನಾಯಿ ಸಾಕುತ್ತೇವೆ, ಕೋಲು ಹಿಡಿಯುತ್ತೇವೆ, ಕೂಗುತ್ತೇವೆ, ಕುರಿ ಕಳೆದುಕೊಳ್ಳುವುದು ಬೇಡವೆಂದು ಮಾಡಬೇಕಾದ್ದನ್ನೆಲ್ಲ ಮಾಡುತ್ತೇವೆ. ಇಷ್ಟಾದ ಮೇಲೂ ಹೋದದ್ದು ಹೋಯಿತು. ಅದನ್ನು ಹಿಡಿದುಕೊಂಡು ಕಚೇರಿಗೆ ಬಂದು ಅಳುವ ಪದ್ಧತಿ ನಮ್ಮಲ್ಲಿಲ್ಲ.

ಹೀಗಾಗಿ ತಮ್ಮಲ್ಲಿಗೆ ದರ್ಖಾಸ್ತು ಬರಲಿಲ್ಲ. ದರ್ಖಾಸ್ತು ಇಲ್ಲ, ಆದ್ದರಿಂದ ಸತ್ತ ಕುರಿ ಇಲ್ಲ. ಸತ್ತ ಕುರಿ ಇಲ್ಲ, ಆದ್ದರಿಂದ ತೋಳ ಇಲ್ಲ. ತೋಳ ಇಲ್ಲ, ಆದ್ದರಿಂದ ಜೆಸಿಬಿ. ನಾವು ಸುಮ್ಮನೆ ಸಹಿಸಿಕೊಂಡದ್ದನ್ನೇ ತಾವು ನಮ್ಮ ಮೇಲೆ ಸಾಕ್ಷಿಯಾಗಿ ನಿಲ್ಲಿಸಿದ್ದೀರಿ. ತೋಳವನ್ನು ಹೊಡೆದು ಕೊಂದು ಹೆಣವನ್ನು ತಮ್ಮ ಬಾಗಿಲಿಗೆ ತಂದು ಹಾಕಿದ್ದರೆ ತೋಳ ಇತ್ತು ಎಂದು ಅದೇ ದಿನ ದಾಖಲಾಗುತ್ತಿತ್ತು, ಅಲ್ಲವೇ? ನಮ್ಮ ಮೇಲೆ ಕೇಸೂ ದಾಖಲಾಗುತ್ತಿತ್ತು. ಬದುಕಲು ಬಿಟ್ಟ ತೋಳಕ್ಕೆ ತಮ್ಮಲ್ಲಿ ಕಾಲಂ ಇಲ್ಲ.

ಇನ್ನು ಈ ಸಲದ ಕಥೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮವರ ಹಿಂಡು ಮಕ್ತಲ್ ದಾಟಿ ಧರೂರಿನ ಕಡೆ ಹೋಗುತ್ತದೆ. ಅಲ್ಲಿ ಜುರಾಲಾ ಕಾಲುವೆಯ ನೀರು, ಭತ್ತ ಕೊಯ್ದ ಗದ್ದೆಯಲ್ಲಿ ಕೂಳೆಯ ಮೇವು. ಕುರಿಗಳನ್ನು ಗದ್ದೆಯಲ್ಲಿ ಮಲಗಿಸಿದರೆ ಗದ್ದೆಗೆ ಗೊಬ್ಬರವಾಗುತ್ತದೆ, ಗದ್ದೆಯವರು ಕಾಳು ಕೊಡುತ್ತಾರೆ. ಮಳೆಗೆ ತಿರುಗಿ ಊರಿಗೆ. ಹಿಂಡು ಆ ಕಡೆ ಹೋಗಿ ಗುಡ್ಡ ಬರಿದಾಗುವ ಕಾಲಕ್ಕೇ ತೋಳ ಮರಿ ಹಾಕುತ್ತದೆ. ಇದು ಯಾರೂ ಕೂತು ಮಾಡಿಕೊಂಡ ಒಪ್ಪಂದವಲ್ಲ, ಆದರೆ ಒಪ್ಪಂದದ ಹಾಗೇ ನಡೆದುಕೊಂಡು ಬಂದಿದೆ. ಈ ವರ್ಷ ಬೀರಲಿಂಗಪ್ಪ ಹಾಲು ಕುಡಿಯುವ ಕುರಿಮರಿಗಳನ್ನೂ ಅವುಗಳ ತಾಯಂದಿರನ್ನೂ ತನ್ನ ಹತ್ತಿರ ಇಟ್ಟುಕೊಂಡು, ಉಳಿದ ಹಿಂಡನ್ನು ತಮ್ಮನ ಜೊತೆ ಧರೂರಿಗೆ ಕಳಿಸಿದ್ದ. ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಗುಡ್ಡದ ಬುಡದಲ್ಲಿ ತೋಳ ಒಂದು ತಾಯಿಕುರಿಯನ್ನು ಹಿಡಿಯಿತು. ಅರ್ಧ ತಿಂದಿತ್ತು, ಜನ ಬಂದರೆಂದು ಬಿಟ್ಟು ಹೋಗಿತ್ತು.

ಸುಣ್ಣದ ಗೆರೆ ಬಿದ್ದು ಆಗಲೇ ವಾರವಾಗಿತ್ತು. ಬೀರಲಿಂಗಪ್ಪನ ಮಗಳು ರಜಿತಾ ನಾರಾಯಣಪೇಟೆಯಲ್ಲಿ ಡಿಗ್ರಿ ಓದುತ್ತಾಳೆ. ಅವಳು ಅಪ್ಪನ ಎದುರಿಗೆ ನಿಂತುಬಿಟ್ಟಳು.

"ಈ ಸಲ ಇಲ್ಲೇ ಬಿಡಬ್ಯಾಡಪ್ಪ. ಒಯ್ದು ತೋರ್ಸೋಣು. ತ್ವಾಳ ಐತಿ ಅಂತ ಬರ್ಕೊಳ್ಳಿ."

"ಮುಟ್ಟಬಾರದವ್ವ ಅದನ್ನ. ನಿಮ್ಮತ್ತಿ ಇದ್ದಿದ್ರ ನಿನ್ನ ಕೈ ಮುರೀತಿದ್ಲು."

"ಅತ್ತಿ ಇದ್ದಿದ್ರ ಮೊದಲ ಆ ಗೆರೆ ಎಳೆದವರ ಕೈ ಮುರೀತಿದ್ಲು. ಮಾವ, ನೀವರ ಹೇಳ್ರಿ."

ನನಗೆ ಕಿಷ್ಟಮ್ಮನ ಮಾತು ನೆನಪಿತ್ತು. ಗೆರೆಯೂ ಕಣ್ಣ ಮುಂದಿತ್ತು. ಒಯ್ಯೋಣ ಎಂದೆ. ಬೀರಲಿಂಗಪ್ಪ ತನ್ನ ಕಂಬಳಿಯಲ್ಲಿ ಕುರಿಯನ್ನು ಸುತ್ತಿದ. ತೋಳದ ಪಾಲನ್ನು ಅವನು ಜೀವಮಾನದಲ್ಲಿ ಮೊದಲ ಸಲ ಎತ್ತುತ್ತಿದ್ದ. ಹೆಣ ಎತ್ತುವವನ ಹಾಗೆ ಬಾಯಲ್ಲಿ ಏನೋ ಅಂದುಕೊಳ್ಳುತ್ತಿದ್ದ. ನಮ್ಮೂರ ನರೇಂದರನ ಆಟೋದಲ್ಲಿ ತಮ್ಮ ಕಚೇರಿಗೆ ಹೊರಟೆವು.

ತಮ್ಮ ಕಚೇರಿಯ ಮೇಜಿನ ಹಿಂದಿದ್ದವರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಹೊರಗೆ ಬಂದರು.

"ಇದನ್ನ ಇಲ್ಲಿಗ್ಯಾಕ ತಂದ್ರಿ?"

"ತ್ವಾಳ ಹಿಡದೈತಿ ಸಾಹೇಬ್ರ. ನಿಮಗ ತೋರ್ಸಾಕ ತಂದೀವಿ," ಎಂದ ಬೀರಲಿಂಗಪ್ಪ.

"ತೋಳ ಅಂತ ಹ್ಯಾಂಗ ಹೇಳ್ತಿ? ನಾಯಿ ಕಡದಿರಬಹುದು."

"ನಾಯಿ ಕಡದಿದ್ರ ನಾಯಿಗೆ ಬೈಕೊಂಡು ಮನ್ಯಾಗ ಇರ್ತಿದ್ನಿ. ನಿಮ್ಮ ತನಕ ಯಾಕ ಬರ್ತಿದ್ನಿ?"

"ನೋಡಪ್ಪ, ಪಂಚನಾಮೆ ಜಾಗದಾಗ ಆಗಬೇಕು. ಸತ್ತ ಪ್ರಾಣೀನ ಅಲುಗಾಡಿಸಬಾರದು. ಬಿದ್ದಲ್ಲೇ ಬಿಟ್ಟು ನಮಗ ತಿಳಿಸಬೇಕು. ಅದು ರೂಲು. ಎತ್ತಿಕೊಂಡ ಬಂದ ಮ್ಯಾಲ ಮುಗೀತು, ಇದಕ್ಕ ಸಾಕ್ಷಿ ಅನ್ನಾಂಗಿಲ್ಲ."

ಬೀರಲಿಂಗಪ್ಪ ನನ್ನ ಕಡೆ ತಿರುಗಿದ. "ಏನಂತಾರ ಮಾವ ಇವ್ರು? ಬಿದ್ದಲ್ಲೇ ಬಿಡಬೇಕಂತ?"

"ಹೌದಂತ."

"ಮತ್ತ ನಮ್ಮಪ್ಪ, ನಮ್ಮಜ್ಜ ಎಲ್ಲಾ ಮಾಡಿದ್ದೇನು?"

ಅಲ್ಲೇ, ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಅವನಿಗೆ ನಗು ಬಂತು. ನಿಲ್ಲಲೇ ಇಲ್ಲ. ಮೇಜಿನ ಹಿಂದಿನವರು ಅವನು ಕುಡಿದಿದ್ದಾನೆ ಎಂದು ತಿಳಿದರು. ರಜಿತಾ ನಗಲಿಲ್ಲ.

"ಬಿದ್ದಲ್ಲೇ ಬಿಟ್ರ ನೀವು ಯಾವಾಗ ಬರ್ತೀರಿ ಸರ್?"

"ಜೀಪು ಖಾಲಿ ಇದ್ದಾಗ."

"ಜೀಪು ಖಾಲಿ ಆಗೋ ತನಕ ತ್ವಾಳ ಊಟ ಬಿಟ್ಟು ಕುಂದರಬೇಕೇನ್ರಿ?"

ಹುಡುಗಿ ಜಾಸ್ತಿ ಮಾತಾಡುತ್ತಾಳೆ ಎಂದು ಅವರು ನನಗೆ ಹೇಳಿದರು. ಹೌದು, ಓದಿಸಿದ್ದು ಅದಕ್ಕೇ ಎಂದು ನಾನು ಹೇಳಿದೆ. ತಿರುಗಿ ಬರುವಾಗ ನರೇಂದರ್ ನನ್ನ ಹಳೆಯ ಕಸುಬು ನೆನೆಸಿಕೊಂಡು, "ಅರ್ಧಾ ಕುರಿ ಐತಿ ಕಾಕಾ, ಅರ್ಧಾ ಟಿಕೀಟ ಹರೀರಿ," ಎಂದ. ಬೀರಲಿಂಗಪ್ಪ ಕುರಿಯನ್ನು ಅದು ಬಿದ್ದಿದ್ದ ಜಾಗದಲ್ಲೇ, ಕಾಲು ಯಾವ ಕಡೆ ಚಾಚಿತ್ತೋ ಅದೇ ಕಡೆ ಚಾಚಿ ಇಟ್ಟು ಬಂದ. ತೋಳ ಅದನ್ನು ಮೂಸಲಿಲ್ಲ. ಮನುಷ್ಯರ ಕೈ, ಆಟೋದ ಡೀಸೆಲ್, ಕಚೇರಿಯ ಗಾಳಿ, ಎಲ್ಲಾ ತಗುಲಿತ್ತಲ್ಲ. ಊರ ನಾಯಿಗಳು ತಿಂದವು.

ಮರುದಿನವೇ ತೋಳ ಮತ್ತೆ ಬಂತು, ಒಂದು ಕುರಿಮರಿಯನ್ನು ಹಿಡಿಯಿತು. ಕಿಷ್ಟಮ್ಮ ಹೇಳಿದ್ದ ಹಾಗೆಯೇ. ಈ ಸಲ ನಾವು ತಮ್ಮ ರೂಲನ್ನೂ ನಮ್ಮ ರಿವಾಜನ್ನೂ ಒಟ್ಟಿಗೆ ಪಾಲಿಸಿದೆವು. ಬಿದ್ದಲ್ಲೇ ಬಿಟ್ಟೆವು. ರಜಿತಾ ಫೋನಿನಲ್ಲಿ ಫೋಟೋ ಹಿಡಿದಳು, ಕಚೇರಿಗೆ ಫೋನು ಮಾಡಿದಳು, ಮತ್ತೆ ಮಾಡಿದಳು. ತಮ್ಮ ಸಿಬ್ಬಂದಿ ಬಂದದ್ದು ವಾರದ ಸಂತೆ ಕಳೆದ ಮೇಲೆ. ಆಗ ಅಲ್ಲಿ ಒಂದಿಷ್ಟು ಉಣ್ಣೆ, ಒಂದು ಗೊರಸು, ಅಷ್ಟೇ. ಫೋನಿನ ಫೋಟೋ ನಡೆಯುವುದಿಲ್ಲ ಎಂದರು. ಉಣ್ಣೆಯನ್ನು ಕೋಲಿನಿಂದ ಹೊರಳಿಸಿ, ಇದು ನೀವು ಕತ್ತರಿಸಿ ಹಾಕಿದ್ದೂ ಇರಬಹುದಲ್ಲ ಎಂದು ಕೇಳಿದರು. ಆಮೇಲೆ ಬಂದದ್ದು 'ನೋ ಪ್ರೆಸೆನ್ಸ್' ಕಾಗದ. ಎತ್ತಿ ತಂದರೆ ಸಾಕ್ಷಿ ಕೆಡುತ್ತದೆ, ಬಿಟ್ಟರೆ ಸಾಕ್ಷಿ ತೀರುತ್ತದೆ. ಮಾನ್ಯರೇ, ತಮ್ಮ ರೂಲು ಬರೆದವರು ತೋಳ ತಿನ್ನುವುದನ್ನು ಯಾವತ್ತಾದರೂ ನೋಡಿದ್ದರೇ?

ಇಷ್ಟೇ ಆಗಿದ್ದರೆ ಈ ಪತ್ರವನ್ನು ಆಗಲೇ ಬರೆಯುತ್ತಿದ್ದೆ. ತಡವಾದದ್ದು ಮೌನಿಕಾ ಎಂಬ ಹುಡುಗಿಯಿಂದ. ತೋಳದ ಮೇಲೆ ಸಂಶೋಧನೆ ಮಾಡುವವಳು, ಹೈದರಾಬಾದಿನಲ್ಲಿ ಓದುತ್ತಾಳೆ. ಸುಗ್ಗಿಯ ಹೊತ್ತಿಗೆ ನಮ್ಮ ಗುಡ್ಡಕ್ಕೆ ಬಂದು, ಕಲ್ಲಿಗೆ, ಕಂಟಿಗೆ ಅಲ್ಲಲ್ಲಿ ಕ್ಯಾಮೆರಾ ಕಟ್ಟಿದ್ದಳು. ಏನಾದರೂ ಮುಂದೆ ಹಾದರೆ ತಾನೇ ಫೋಟೋ ಹಿಡಿಯುವ ಡಬ್ಬಿಗಳು. ನಾನು ಅವಳನ್ನು ಬಸ್ಸಿನಲ್ಲಿ ಪಾಸು ತೋರಿಸದವರನ್ನು ಕೇಳುವ ಹಾಗೆ ಕೇಳಿದ್ದೆ. ಯಾರ ಮಗಳು, ಯಾವ ಊರು, ಯಾರು ಕಳಿಸಿದರು, ಈ ಫೋಟೋ ಯಾರ ಕೈಗೆ ಹೋಗುತ್ತದೆ. ಗದ್ವಾಲದ ಹತ್ತಿರದ ಕೆ.ಟಿ. ದೊಡ್ಡಿಯವಳು ಎಂದು ಗೊತ್ತಾಯಿತು, ನಮ್ಮ ಮಾತೇ ಆಡುತ್ತಾಳೆ. ಅದರಿಂದ ನನ್ನ ಅನುಮಾನ ಕಡಿಮೆಯಾಗಲಿಲ್ಲ. ನಮ್ಮ ಮಾತು ಬರುವವರಿಂದ ಮೋಸ ಹೋಗುವುದೇ ಸುಲಭ.

ತಮ್ಮ ಕಾಗದ ಬಂದ ವಾರ ಅವಳು ಕ್ಯಾಮೆರಾ ಬಿಚ್ಚಲು ಬಂದಳು. ನಮ್ಮ ಕಟ್ಟೆಯ ಮೇಲೆ ಕೂತು ಫೋನು ತೆಗೆದು ನನ್ನ ಮುಂದೆ ಹಿಡಿದಳು. ಫೋಟೋದಲ್ಲಿ ಬೆಳಗಿನ ಬಿಸಿಲು. ಮುಂದೆ ತಾಯಿತೋಳ, ಬಡಕಲು, ಮೊಲೆ ಜೋತಿವೆ, ಕಿವಿ ನಿಮಿರಿವೆ. ಅದರ ಹಿಂದೆ ಸ್ವಲ್ಪ ಮಸುಕಾಗಿ ಹುಲ್ಲಿನಲ್ಲಿ ನಮ್ಮ ಕುರಿಗಳು. ಅದರ ಹಿಂದೆ ಕಂಬಳಿ ಹೊದ್ದು ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ. ಬೀರಲಿಂಗಪ್ಪ. ತನ್ನ ಬೆನ್ನ ಹಿಂದೆ ಏನು ನಿಂತಿದೆ ಎಂಬುದು ಅವನಿಗೆ ಗೊತ್ತಿಲ್ಲ.

"ತಗೊ ಮತ್ತ, ಸಾಕ್ಷಿ ಸಿಕ್ತಲ್ಲ. ಒಯ್ದು ಕೊಡು," ಎಂದೆ.

ಅವಳು ಫೋನನ್ನು ಮಡಿಲಿಗೆ ಇಳಿಸಿಕೊಂಡಳು. ಆಮೇಲೆ ಹೇಳಿದಳು: "ಕೊಡಾಕ ಬರ್ತೈತಿ ಕಾಕಾ. ನಾಳೆ ಕೊಟ್ಟೆ ಅಂತ ತಿಳೀರಿ. ತ್ವಾಳ ಐತಿ ಅಂತಾರ, ಜೆಸಿಬಿ ನಿಲ್ತೈತಿ. ಆಮ್ಯಾಲ ಬೇಲಿ ಹಾಕ್ತಾರ. ತ್ವಾಳ ಇರೋ ಜಾಗದಾಗ ಕುರಿ ಬರಬಾರದು ಅಂತಾರ. ನಾ ಬ್ಯಾರೆ ಕಡೆ ನೋಡೀನಿ."

"ಕುರಿ ಇಲ್ಲಂದ್ರ ತ್ವಾಳ ಏನ ತಿಂತೈತಿ?"

"ಅದನ್ನ ನಾ ರಿಪೋರ್ಟಿನಾಗ ಬರೀತೀನಿ. ಓದೋರು ಯಾರು? ಫೋಟೋ ನೋಡ್ತಾರ. ಛಾಪಿಸೋ ಮುಂದ ಅದನ್ನೂ ಕತ್ತರಿಸ್ತಾರ ಕಾಕಾ. ಕುರಿ ತಗೀತಾರ, ಬೀರಲಿಂಗಪ್ಪ ಕಾಕಾನ ಬೆನ್ನ ತಗೀತಾರ, ಬರೇ ತ್ವಾಳ ಇಡ್ತಾರ. ಅದು ಚಂದ ಕಾಣ್ತೈತಿ. ಕೊಟ್ರ ಬೇಲಿ, ಕೊಡಲಿಲ್ಲಂದ್ರ ಜೆಸಿಬಿ. ನೀವ ಹೇಳ್ರಿ, ಏನ ಮಾಡ್ಲಿ?"

ಗುಡಿಯ ಮುಂದೆ ಎಲ್ಲರನ್ನೂ ಕೇಳೋಣ ಎಂದೆ. ಅಷ್ಟು ದಿನ ಅವಳನ್ನು ಅನುಮಾನಿಸಿದ ನನಗೆ, ಅವಳೇ ತನ್ನ ಫೋಟೋವನ್ನು ಅನುಮಾನಿಸುತ್ತಿದ್ದಾಳೆ ಎಂದು ನೋಡಿ ಸ್ವಲ್ಪ ನಾಚಿಕೆಯೂ ಆಯಿತು, ಸ್ವಲ್ಪ ಧೈರ್ಯವೂ ಬಂತು. ಎರಡು ದಿನ ಬಿಟ್ಟು ಬೀರಪ್ಪನ ಗುಡಿಯ ಮುಂದೆ ಹಿಂಡಿನ ಮನೆಗಳವರೆಲ್ಲ ಕೂತರು. ಸುಮ್ಮನಿರೋಣ ಎಂದವರೂ ಇದ್ದರು. ಜೆಸಿಬಿ ಮೇಲು, ಕಂದಕದ ನಡುವೆ ಒಂದಿಷ್ಟಾದರೂ ಹುಲ್ಲು ಉಳಿದೀತು, ಬೇಲಿ ಬಂದರೆ ಅದೂ ಇಲ್ಲ ಎಂದರು. ತಪ್ಪು ಮಾತಲ್ಲ. ಕೊನೆಗೆ ಬೀರಲಿಂಗಪ್ಪ ಆ ಫೋಟೋವನ್ನು ಮತ್ತೊಮ್ಮೆ ತೋರಿಸು ಎಂದ. ತನ್ನ ಬೆನ್ನನ್ನು ತಾನೇ ಬಹಳ ಹೊತ್ತು ನೋಡಿದ.

"ಅದು ಬೇಕಾಗಿದ್ರ ಅವತ್ತ ನನ್ನ ಮೈಮ್ಯಾಲ ಬರಬಹುದಿತ್ತು. ಬರಲಿಲ್ಲ. ಇದ್ದದ್ದು ಇದ್ದಂಗ ಕೊಡ್ರಿ. ನಾನೂ ಇರ್ಬೇಕು ಅದರಾಗ."

ಆದ್ದರಿಂದ ಈಗ ನಾನು ಊರಿನ ಪರವಾಗಿ, ಬಹಿರಂಗವಾಗಿ, ಯಾರೂ ಆಮೇಲೆ ಇಲ್ಲ ಎನ್ನಬಾರದೆಂದು ಬರೆಯುತ್ತಿದ್ದೇನೆ. ತೋಳ ಇದೆ. ಮೌನಿಕಾ ಆ ಫೋಟೋವನ್ನು ತಮ್ಮ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದಾಳೆ. ಕತ್ತರಿಸದ ಫೋಟೋ. ಅದರಲ್ಲಿ ತೋಳ ಒಂದೇ ಇಲ್ಲ ಎಂಬುದನ್ನು ದಯವಿಟ್ಟು ಕನ್ನಡಕ ಹಾಕಿಕೊಂಡು ನೋಡಿ.

ಗಿಡ ನೆಡುವುದು ಒಳ್ಳೆಯದಲ್ಲವೇ, ಹಸಿರು ಬೇಡವೇ ಎಂದು ತಾವು ಕೇಳುತ್ತೀರಿ. ಕಾಗದದಲ್ಲೂ ಅದೇ ಇದೆ. ಮಾನ್ಯರೇ, ಹುಲ್ಲು ಯಾವ ಬಣ್ಣದ್ದು? ಮಳೆಗಾಲದಲ್ಲಿ ಬಂದು ನೋಡಿ. ಬೇಸಿಗೆಯಲ್ಲಿ ಅದು ಒಣಗುತ್ತದೆ, ಆಗ ತಮಗೆ ಬಂಜರು ಕಾಣುತ್ತದೆ, ಕುರಿಗೆ ಮೇವು ಕಾಣುತ್ತದೆ, ತೋಳಕ್ಕೆ ಕುರಿ ಕಾಣುತ್ತದೆ. ಬುಡದಲ್ಲಿ ಕಲ್ಲಿರುವ ಆ ಮಣ್ಣಿನಲ್ಲಿ ತಮ್ಮ ಸಸಿಗಳು ಬದುಕುತ್ತವೆಯೇ ಎಂಬುದು ಬೇರೆ ಮಾತು. ನನ್ನ ಅನುಮಾನ ಸಸಿಯ ಮೇಲಲ್ಲ. ಗಿಡದ ಹೆಸರಿನಲ್ಲಿ ಕಂದಕ, ಕಂದಕದ ರಕ್ಷಣೆಗೆ ಬೇಲಿ, ಗಿಡ ಒಣಗಿದ ಮೇಲೆ ಬೇಲಿಯೊಳಗೆ ಖಾಲಿ ಬಿದ್ದ ಜಾಗ. ಆಮೇಲೆ ಆ ಖಾಲಿ ಜಾಗಕ್ಕೆ ಯಾರು ಬರುತ್ತಾರೆ? ಸೋಲಾರಿನವರೋ, ಕಲ್ಲು ಒಡೆಯುವವರೋ, ನನಗೆ ಗೊತ್ತಿಲ್ಲ. ಯಾರೂ ಬರುವುದಿಲ್ಲ ಎಂದು ತಾವು ಬರೆದುಕೊಟ್ಟರೆ ನಾನು ಈ ಮಾತನ್ನು ಇದೇ ಪತ್ರಿಕೆಯಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ. ಬರೆದುಕೊಡುತ್ತೀರಾ?

ನಾವು ಕೇಳುವುದು ಹೆಚ್ಚಿನದೇನಲ್ಲ. ತೋಳದ ಮರಿಗಳು ತಮ್ಮ ಕಾಲ ಮೇಲೆ ಓಡಾಡುವ ತನಕ ಆ ಗುಡ್ಡಕ್ಕೆ ಯಂತ್ರ ಬರಬಾರದು. ಆಮೇಲೂ ಬರುವುದಾದರೆ ಗುಡಿಯ ಮುಂದೆ ಕೂತು ನಮ್ಮನ್ನು ಕೇಳಿ ಬರಬೇಕು. ದಾಖಲೆಯಲ್ಲಿರುವ ಬಂಜರು ಎಂಬ ಶಬ್ದವನ್ನು ಹೊಡೆದುಹಾಕಿ ಗಾಯರಾಣ ಎಂದು ಬರೆಯಬೇಕು. ನಿಜಾಮರ ಕಾಲದವರೂ ಅದನ್ನು ದನ ಕುರಿ ಮೇಯುವ ಜಾಗವೆಂದೇ ಕರೆದಿದ್ದರು. ತೋಳದ ಹೆಸರಿನಲ್ಲಿ ಕುರಿಯನ್ನು ಹೊರಗಿಡುವ ಬೇಲಿ ಹಾಕಬಾರದು, ಹಾಕುವುದಿಲ್ಲ ಎಂದು ಸಹಿಯೊಂದಿಗೆ ತಿಳಿಸಬೇಕು. ಸತ್ತ ಕುರಿ ಬಿದ್ದಲ್ಲೇ ಇದ್ದಾಗ ಕುರುಬ ಹಿಡಿದ ಫೋಟೋವನ್ನು ಪಂಚನಾಮೆಗೆ ಒಪ್ಪಬೇಕು. ಪರಿಹಾರದ ಆಸೆಗಲ್ಲ. ಬೀರಲಿಂಗಪ್ಪ ಹೇಳುವ ಹಾಗೆ, 'ಕೊಡೋದು ಬ್ಯಾಡ, ಬರ್ಕೊಳ್ರಿ ಸಾಕು.'

ಈ ಪತ್ರಕ್ಕೂ ಉತ್ತರ ಬರುವುದಿಲ್ಲ ಎಂಬ ಅನುಮಾನ ನನಗೆ ಇದ್ದೇ ಇದೆ. ಅದಕ್ಕಾಗಿ ಒಂದು ವಿಷಯ ತಿಳಿಸಿ ಮುಗಿಸುತ್ತೇನೆ. ಧರೂರಿಗೆ ಹೋಗಿದ್ದ ಹಿಂಡು ಕೂಳೆಯ ಮೇವು ಇನ್ನೂ ಇರುವಾಗಲೇ, ಕಾಲುವೆ ನೀರು ಬಿಟ್ಟು, ಮಕ್ತಲ್ ದಾಟಿ ತಿರುಗಿ ಬರುತ್ತಿದೆ. ಇಂಥ ಕಾಲದಲ್ಲಿ ಹಿಂಡು ಮರಳಿ ಬಂದದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ. ಜೆಸಿಬಿ ಗುಡ್ಡ ಹತ್ತಲು ಇರುವುದು ಬುಡದಲ್ಲಿ ಒಂದೇ ಬಂಡಿದಾರಿ. ಗವಿಯಿಂದ ಸಾಕಷ್ಟು ದೂರದಲ್ಲಿ, ಆ ದಾರಿಯ ಮೇಲೆ, ಶಿವರಾತ್ರಿಯಿಂದ ನಮ್ಮ ಕುರಿಗಳು ಮಲಗುತ್ತವೆ. ಬೀರಲಿಂಗಪ್ಪ ಇರುತ್ತಾನೆ, ರಜಿತಾ ಇರುತ್ತಾಳೆ, ಕಿಷ್ಟಮ್ಮನ ಕಂಬಳಿ ಹೊದ್ದುಕೊಂಡು ನಾನೂ ಇರುತ್ತೇನೆ. ತೋಳ ಮರಿ ಹಾಕಿದ ಗುಡ್ಡದ ಬುಡದಲ್ಲಿ ಹಿಂಡು ಮಲಗಿಸಿದರೆ ಏನಾಗುತ್ತದೆ ಎಂದು ನಮಗೆ ಗೊತ್ತು. ಅದು ಬರುತ್ತದೆ. ಕೂಗುತ್ತೇವೆ, ನಾಯಿ ಬಿಡುತ್ತೇವೆ, ಆದರೂ ಒಂದೋ ಎರಡೋ ಹೋಗುತ್ತವೆ. ಹೋದದ್ದನ್ನು ಬಿದ್ದಲ್ಲೇ ಬಿಡುತ್ತೇವೆ, ತಮ್ಮ ರೂಲಿನ ಪ್ರಕಾರ, ನಮ್ಮ ರಿವಾಜಿನ ಪ್ರಕಾರ. ಜೆಸಿಬಿಗೆ ದಾರಿ ಬಿಡಿಸಲು ಆ ದಿನವಾದರೂ ತಮ್ಮ ಜೀಪು ಖಾಲಿ ಇದ್ದೇ ಇರುತ್ತದೆ. ಪಂಚನಾಮೆಯ ಹಾಳೆ ಜೊತೆಗೆ ತನ್ನಿ.

ಇಂತಿ, 'ಯುವರ್ಸ್ ಫೇತ್‌ಫುಲ್ಲಿ' ಎಂದು ಬರೆಯಲು ಕಾಲೇಜಿನಲ್ಲಿ ಕಲಿತಿದ್ದು, ಈಗ ಬರೆಯಲು ಕೈ ಬಾರದ,
ಮೊಗುಲಪ್ಪ
ನಿವೃತ್ತ ಕಂಡಕ್ಟರ್, ದಾಮರಗಿದ್ದ ಮಂಡಲ
(ಹಾಜರಿದ್ದೇನೆ. ತಲೆ ಎತ್ತಿ ನೋಡಿದರೆ ಕಾಣುತ್ತೇನೆ.)